ತೂಕದ ಲೂಮಿರನ ಜೊತೆಗಾರ

ಮೂವತ್ತೊಂದು ವರ್ಷ ಒಂದೇ ಕಿಟಕಿಯ ಹಿಂದೆ ಕೂತು ಬೇರೆಯವರ ತೂಕ ಬರೆದ ಮನುಷ್ಯ ಲೂಮಿರ್ ಕೊವಾರಿಕ್. ನೆಬ್ರಾಸ್ಕಾದ ಡೋರ್ಮನ್ ಊರಿನ ಸಹಕಾರಿ ಕಣಜದಲ್ಲಿ ವೇಬ್ರಿಡ್ಜ್ ಅವನ ಕೈಯಲ್ಲಿತ್ತು. ಮೆಕ್ಕೆಜೋಳ ತುಂಬಿದ ಟ್ರಕ್ಕು ಬಂದು ನಿಂತರೆ ಒಂದು ತೂಕ, ಸುರಿದು ಖಾಲಿಯಾಗಿ ಬಂದರೆ ಇನ್ನೊಂದು ತೂಕ, ಎರಡರ ನಡುವಿನದು ರೈತನ ಬೆಳೆ. ಇಷ್ಟೇ ಕೆಲಸ. ಆದರೆ ಇಷ್ಟೇ ಕೆಲಸದಲ್ಲಿ ಕಳ್ಳತನಕ್ಕೆ ಎಷ್ಟು ಜಾಗವಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತುಂಬಿದ ಗಾಡಿ ತೂಗುವಾಗ ಒಳಗೆ ಕೂತಿದ್ದ ಡ್ರೈವರು, ಖಾಲಿ ಗಾಡಿ ತೂಗುವಾಗ ಸಿಗರೇಟಿನ ನೆಪದಲ್ಲಿ ಕೆಳಗಿಳಿದನೆಂದರೆ ಅವನ ಮೈತೂಕವೂ ಜೋಳದೊಳಗೆ ಸೇರಿಹೋಗುತ್ತದೆ. ಒಂದು ಸಲ ಒಬ್ಬ ತನ್ನ ಮಾವನನ್ನೂ ಕರಡಿಯಂಥ ನಾಯಿಯನ್ನೂ ಕೂರಿಸಿಕೊಂಡು ಬಂದು, ಖಾಲಿ ತೂಕಕ್ಕೆ ಇಬ್ಬರನ್ನೂ ಇಳಿಸಿದ್ದ. ಲೂಮಿರ್ ಕಿಟಕಿ ಸರಿಸಿ, "ಏನಯ್ಯಾ, ಮಾವನ್ನೂ ಜೋಳದ ರೇಟಿಗೇ ಮಾರಿಬಿಟ್ಯಾ? ಹತ್ತಿಸ್ಕೊಂಡು ಬಾ," ಎಂದಿದ್ದ. ಸಾಲಿನಲ್ಲಿದ್ದ ಟ್ರಕ್ಕಿನವರೆಲ್ಲ ನಕ್ಕು ನಕ್ಕು ಸುಸ್ತಾಗಿದ್ದರು. ಡ್ರೈವರು ಎರಡು ಸಲವೂ ಒಳಗೆ, ಇಲ್ಲವೇ ಎರಡು ಸಲವೂ ಹೊರಗೆ. ಈ ಒಂದು ನಿಯಮವನ್ನು ಅವನು ಸಂಘದ ಅಧ್ಯಕ್ಷನಿಗೂ ಸಡಿಲಿಸಿದವನಲ್ಲ. ಲೂಮಿರನ ಕೈಯ ಚೀಟಿ ಎಂದರೆ ಆ ಸುತ್ತಿನಲ್ಲಿ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಇಂಥವನ ಸ್ವಂತ ತೂಕ ಮುನ್ನೂರ ಮೂವತ್ತೆಂಟು ಪೌಂಡಿಗೆ ಬಂದು ಕೂತಿತ್ತು.

ಅವನಪ್ಪನದೂ ಅದೇ ಮೈ, ಅಜ್ಜನದೂ ಅದೇ ಮೈ. ಆದರೆ ಅವರು ಹೊಲದಲ್ಲಿ ದುಡಿದವರು, ಇವನು ಕುರ್ಚಿಯಲ್ಲಿ ಕೂತವನು. ಕಿಟಕಿಯ ಪಕ್ಕ ಡ್ರೈವರುಗಳಿಗೆಂದು ಇಟ್ಟ ಮಿಠಾಯಿ ಬಟ್ಟಲು, ಭಾನುವಾರ ಇಗರ್ಜಿ ಮುಗಿದ ಮೇಲೆ ಗಸಗಸೆ ತುಂಬಿದ ಕೊಲಾಚೆ ಬನ್ನು, ಹೀಗೆ ಏರಿದ ಮೈ ಐವತ್ತೆಂಟರ ಹೊತ್ತಿಗೆ ಎರಡೂ ಮೊಣಕಾಲನ್ನು ತಿಂದುಹಾಕಿತ್ತು. ಟ್ರಕ್ಕಿನ ಜೋಳದಿಂದ ಮಾದರಿ ತೆಗೆಯಲು ಹನ್ನೊಂದು ಕಬ್ಬಿಣದ ಮೆಟ್ಟಿಲು ಹತ್ತಬೇಕು. ಲೂಮಿರ್ ಅದನ್ನು ಏಡಿಯ ಹಾಗೆ ಅಡ್ಡಡ್ಡ ಹತ್ತುತ್ತಿದ್ದ. ಮೇಲೆ ತಲುಪುವಾಗ ಮುಖ ಬಿಳಿಚಿರುತ್ತಿತ್ತು. ಮುಂದಿನ ವರ್ಷವೂ ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮ್ಯಾನೇಜರು ತಲೆ ತಗ್ಗಿಸಿಕೊಂಡು ಹೇಳಿದ್ದ.

ಮೊಣಕಾಲಿನ ಡಾಕ್ಟರು ನೇರ ಮನುಷ್ಯ. "ಈ ತೂಕದಲ್ಲಿ ನಾನು ಕತ್ತಿ ಹಿಡಿಯಲ್ಲ. ಹಾಕಿದ ಕೀಲು ನಿಲ್ಲಲ್ಲ. ಇನ್ನೂರ ಎಂಬತ್ತಕ್ಕೆ ಇಳಿದು ಬಾ, ನವೆಂಬರಲ್ಲಿ ಹಿಮ ಬೀಳೋ ಮುಂಚೆ ಎರಡೂ ಕಾಲು ಹೊಸದು ಮಾಡಿಕೊಡ್ತೀನಿ," ಎಂದ. ಲೂಮಿರನ ಮುಖ ನೋಡಿ ಸ್ವಲ್ಪ ಮೆತ್ತಗಾಗಿ, "ಹತ್ತಿಪ್ಪತ್ತು ಪೌಂಡು ಆಚೀಚೆ ಆದ್ರೂ ಸರಿ. ಆದ್ರೆ ಮನಸಾರೆ ದುಡಿದಿದ್ದೀಯ ಅಂತ ನಡಿಗೆ ನರ್ಸಿನ ಪತ್ರ ಬೇಕು. ಮುಂಚೆ ಬಾಯಿಗೆ ಬೀಗ ಹಾಕದವನು ಆಮೇಲೂ ಹಾಕಲ್ಲ," ಎಂದು ಸೇರಿಸಿದ.

ನಡಿಗೆ ನರ್ಸು ಎಂದರೆ ರೋಶೆಲ್. ಆ ಮಾರ್ಚಿನಲ್ಲಿ ಆಸ್ಪತ್ರೆಯೊಂದು ಒಂದು ಪರೀಕ್ಷೆ ಶುರುಮಾಡಿತ್ತು, ಅದನ್ನು ನೋಡಿಕೊಳ್ಳುವವಳು ಅವಳು. ದಪ್ಪ ಮೈಯವರು ಮೂವತ್ತೆರಡು ವಾರ ಬಿರುಸಾಗಿ ನಡೆಯಬೇಕು, ಜೊತೆಗೆ ಊಟಕ್ಕೆ ಮುಂಚೆ ಹಸಿರು ಮಾತ್ರೆ ಎರಡು ನುಂಗಬೇಕು. ಬರೀ ನಡಿಗೆಗೆ ಎಷ್ಟು ಇಳಿಯುತ್ತದೆ, ನಡಿಗೆಗೆ ಮಾತ್ರೆ ಕೂಡಿದರೆ ಎಷ್ಟು ಇಳಿಯುತ್ತದೆ ಎಂದು ನೋಡುವುದು ಅವರ ಉದ್ದೇಶ. ಅರ್ಧ ಜನರ ಡಬ್ಬಿಯಲ್ಲಿ ನಿಜವಾದ ಮಾತ್ರೆ, ಅರ್ಧ ಜನರ ಡಬ್ಬಿಯಲ್ಲಿ ಬರೀ ಹಿಟ್ಟು. ಯಾರದು ಯಾವುದೆಂದು ರೋಶೆಲ್‌ಗೂ ಗೊತ್ತಿಲ್ಲ. ಡಬ್ಬಿಯ ಮೇಲೆ ಒಂದು ಅಂಕಿ ಮಾತ್ರ. ಡಬ್ಬಿ ಅದಲುಬದಲು ಮಾಡಬಾರದು, ತೂಕ ಇಳಿಸುವ ಬೇರೆ ಯಾವ ಔಷಧಿಯನ್ನೂ ಮುಟ್ಟಬಾರದು. ತಿಂದದ್ದನ್ನೆಲ್ಲ ಡೈರಿಯಲ್ಲಿ ಬರೆಯಬೇಕು. ಇಬ್ಬಿಬ್ಬರು ಜೊತೆ ಕಟ್ಟಿಕೊಂಡು ನಡೆಯಬೇಕು, ತಿಂಗಳಿಗೊಮ್ಮೆ ಜೊತೆಗಾರನ ಬಗ್ಗೆ ಒಂದು ಚೀಟಿ ಬರೆದುಕೊಡಬೇಕು. ಇದಕ್ಕೆಲ್ಲ ಎಲ್ಲರೂ ಸಹಿ ಹಾಕಿದ್ದರು.

ಲೂಮಿರನ ಜೊತೆಗಾರ ವರ್ಲಿನ್ ಥೀಸೆನ್. ಊರಿನ ಉತ್ತರಕ್ಕೆ ಹೊಲವಿರುವ ರೈತ, ಮುನ್ನೂರ ಹನ್ನೆರಡು ಪೌಂಡು, ನಗು ಮುಖ, ದೊಡ್ಡ ಬಾಯಿ. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ಲೂಮಿರನ ಅಪ್ಪ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಒಬ್ಬ. ಮೂವತ್ತೊಂದು ವರ್ಷ ಅವನ ಕೆಂಪು ಟ್ರಕ್ಕನ್ನು ಲೂಮಿರನೇ ತೂಗಿದ್ದು. ಇವನ ಜೊತೆ ನಡೆಯದೆ ಇನ್ಯಾರ ಜೊತೆ ನಡೆಯಬೇಕು?

ನಡಿಗೆ ಹೆದ್ದಾರಿ ಪಕ್ಕದ ಹಳೇ ಮಾಲಿನೊಳಗೆ. ಅಂಗಡಿಗಳು ಬಾಗಿಲು ತೆಗೆಯುವ ಮುಂಚೆ, ಬೆಳಿಗ್ಗೆ ಆರೂವರೆಗೇ, ನಡೆಯುವವರಿಗೆಂದು ಒಂದು ಬಾಗಿಲು ತೆರೆಯುತ್ತಿದ್ದರು. ಬತ್ತಿಹೋದ ಕಾರಂಜಿಯನ್ನು ಎಡಕ್ಕಿಟ್ಟುಕೊಂಡು ಎಲ್ಲರೂ ಒಂದೇ ದಿಕ್ಕಿಗೆ ಸುತ್ತಬೇಕು. ಎದುರಾಬದುರಾ ನಡೆದರೆ ಮುದುಕಿಯರು ಬೈಯುತ್ತಿದ್ದರು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಿರಬೇಕು ಎಂಬುದು ರೋಶೆಲ್ ಹೇಳಿಕೊಟ್ಟ ಅಳತೆ.

"ಹಾಡು ನೋಡೋಣ," ಎನ್ನುತ್ತಿದ್ದ ವರ್ಲಿನ್.

"ಉಸಿರೇ ಇಲ್ಲ, ಹಾಡೆಲ್ಲಿಂದ ತರಲೋ."

"ಉಸಿರಿದ್ದಾಗ ಹಾಡಿದ್ರೂ ಅಷ್ಟರಲ್ಲೇ ಇತ್ತು ಬಿಡು. ಪಾದ್ರಿಗಳೇ ನಿನ್ನ ಹಿಂದಿನ ಸಾಲಿಗೆ ಹಾಕಿದ್ರಲ್ಲ."

ಮೊದಲ ತಿಂಗಳು ಲೂಮಿರ್ ಎರಡು ಸುತ್ತಿಗೆ ಬೆಂಚು ಹುಡುಕುತ್ತಿದ್ದ. ಮೊಣಕಾಲಿನೊಳಗೆ ಮರಳು ಅರೆದಂತೆ ಸದ್ದು. ಆದರೂ ಒಂದು ದಿನ ತಪ್ಪಿಸಲಿಲ್ಲ. ಮಿಠಾಯಿ ಬಟ್ಟಲನ್ನು ಕೋಣೆಯಿಂದ ತೆಗೆದು ಕಿಟಕಿಯ ಹೊರಗಿನ ಕಟ್ಟೆಗೆ ಇಟ್ಟ. ಕೊಲಾಚೆಯ ದಿನ ಇಗರ್ಜಿಯ ನೆಲಮಾಳಿಗೆಗೆ ಇಳಿಯುವುದನ್ನೇ ಬಿಟ್ಟ. ಮಧ್ಯಾಹ್ನಕ್ಕೆ ಎಲೆಕೋಸು, ಬೇಯಿಸಿದ ಮೊಟ್ಟೆ, ಒಂದು ಸೇಬು. ಹಸಿವಾದಾಗ ನೀರು ಕುಡಿದು ಬೈದುಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ನಡೆಯುವವರಲ್ಲಿ ಯಾರೋ ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಇಂಜೆಕ್ಷನ್ನಿನ ಮಾತೆತ್ತಿದರು. ವರ್ಲಿನ್ ಮಾಲೆಲ್ಲ ಕೇಳುವಂತೆ, "ಹಂದಿಗೆ ಚುಚ್ಚೋ ಸೂಜಿ ನಮ್ಮನೇಲಿ ಬೇಕಾದಷ್ಟಿದೆ, ಬನ್ನಿ, ಸಾಲಾಗಿ ನಿಂತ್ಕೊಳ್ಳಿ," ಎಂದ. ಎಲ್ಲರೂ ನಕ್ಕರು. ಲೂಮಿರನೂ ನಕ್ಕ. ಅವನು ಪರೀಕ್ಷೆಗೆ ಸೇರುವ ಮುಂಚೆ ತನ್ನ ಡಾಕ್ಟರ ಹತ್ತಿರ ಆ ಇಂಜೆಕ್ಷನ್ ಕೇಳಿದ್ದ. ಸಂಘದ ವಿಮೆಯವರು ಅದರ ದುಡ್ಡು ಕೊಡಲು ಆಗುವುದಿಲ್ಲ ಎಂದಿದ್ದರು. ಅದನ್ನು ಅವನು ವರ್ಲಿನ್‌ಗೆ ಮಾತ್ರ ಹೇಳಿಕೊಂಡಿದ್ದ. ಅವತ್ತು ಹೊರಗೆ ಕಾರಿನ ಹತ್ತಿರ ವರ್ಲಿನ್ ಅವನ ಬೆನ್ನು ತಟ್ಟಿ, "ನಮಗ್ಯಾಕೋ ಅದೆಲ್ಲ. ನಾವು ಕಾಲಲ್ಲೇ ಇಳಿಸೋಣ," ಎಂದ.

ಜೂನಿನ ಹೊತ್ತಿಗೆ ವರ್ಲಿನ್ ಇಪ್ಪತ್ತೆಂಟು ಪೌಂಡು ಇಳಿದಿದ್ದ. ಲೂಮಿರ್ ಹನ್ನೊಂದು.

ಒಂದೇ ಸುತ್ತು, ಒಂದೇ ಬಿರುಸು, ಒಂದೇ ಹಸಿರು ಮಾತ್ರೆ. ಗುರುವಾರದ ತೂಕದ ದಿನ ಲೂಮಿರ್ ತಕ್ಕಡಿಯ ಮೇಲೆ ನಿಂತರೆ ಹಿಂದಿದ್ದವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹೆಂಡತಿ ಆರ್ಲಿಸ್, ಅವನು ಹೊರಗಿಂದ ಬಂದಾಗ, ಅವನ ಅಂಗಿಯ ಎದೆ ಭಾಗ ನೋಡುತ್ತಿದ್ದಳು, ಸಕ್ಕರೆ ಪುಡಿ ಏನಾದರೂ ಉದುರಿದೆಯೇನೋ ಎಂಬಂತೆ.

"ನಿನ್ನ ಡಬ್ಬೀಲಿರೋದು ಹಿಟ್ಟು ಕಣೋ," ಎಂದ ವರ್ಲಿನ್ ಒಂದು ದಿನ, ಬೆಂಚಿನ ಮೇಲೆ. "ನನಗೆ ಬಂದಿರೋದು ನಿಜವಾದ್ದು. ಕಣ್ಣಿಗೆ ಕಾಣ್ತಿಲ್ವಾ? ತಗೋ, ನನ್ನ ಡಬ್ಬಿ ನೀನಿಟ್ಕೋ. ನಿಂದು ಕೊಡು."

"ಸಹಿ ಹಾಕಿದ್ದೀವಲ್ಲೋ."

"ಸಹಿ ಇಟ್ಕೊಂಡು ಮೊಣಕಾಲು ಹಾಕ್ತಾರಾ? ನನಗೆ ಆಗಬೇಕಾದ್ದು ಆಯ್ತು. ನಿನಗೆ ನವೆಂಬರ್ ಇದೆ. ತಗೋ ಅಂದ್ರೆ ತಗೋ."

ಲೂಮಿರ್ ಡಬ್ಬಿಯನ್ನು ತಿರುಗಿಸಿ ಮೇಲಿನ ಅಂಕಿ ನೋಡಿದ. ಬದುಕಿನಲ್ಲಿ ಒಂದು ಸುಳ್ಳು ಚೀಟಿ ಬರೆಯದವನಿಗೆ ಅದು ಸಣ್ಣ ಮಾತಲ್ಲ. ಕೊನೆಗೆ ತೆಗೆದುಕೊಂಡ. ಗೆಳೆಯ ತನ್ನ ಬಾಯಿಂದ ತೆಗೆದು ತನಗೆ ಕೊಡುತ್ತಿದ್ದಾನೆ ಎಂದು ಅವನ ಕಣ್ಣು ತೇವವಾಗಿತ್ತು. ಅಂದಿನಿಂದ ಪ್ರತಿ ತಿಂಗಳು ಹೊಸ ಡಬ್ಬಿ ಬಂದಾಗ ಇಬ್ಬರೂ ಕಾರಿನ ಹತ್ತಿರ ಬದಲಾಯಿಸಿಕೊಂಡರು. ಪ್ರತಿ ಊಟಕ್ಕೆ ಮುಂಚೆ ಲೂಮಿರ್ ಆ ಹಸಿರು ಮಾತ್ರೆಯನ್ನು ಪ್ರಸಾದದ ಹಾಗೆ ನುಂಗಿದ. ತಿಂಗಳ ಚೀಟಿ ಬರೆಯುವಾಗ, ಜೊತೆಗಾರ ಆಹಾರದ ನಿಯಮ ಪಾಲಿಸುತ್ತಿದ್ದಾನೆಯೇ ಎಂಬ ಪ್ರಶ್ನೆಗೆ, ಒತ್ತಿ ಒತ್ತಿ 'ಹೌದು' ಎಂದು ಬರೆದ.

ಸೆಪ್ಟೆಂಬರಿನಲ್ಲಿ ಕೊಯ್ಲು ಶುರುವಾಯಿತು. ವರ್ಲಿನ್ ಖಾಲಿ ಟ್ರಕ್ಕನ್ನು ವೇಬ್ರಿಡ್ಜಿನ ಮೇಲೆ ತಂದು ನಿಲ್ಲಿಸಿದ, ಎಂದಿನಂತೆ ಒಳಗೇ ಕೂತು. ಆ ಟ್ರಕ್ಕಿನ ಖಾಲಿ ತೂಕ ಲೂಮಿರನಿಗೆ ಬಾಯಿಪಾಠ. ಅಂಕಿ ನೋಡಿದ, ಕಳೆದ ವರ್ಷಕ್ಕಿಂತ ಅರವತ್ತು ಪೌಂಡು ಕಡಿಮೆ.

"ನಿನ್ನ ಟ್ರಕ್ಕು ಸಣ್ಣಗಾಗಿದೆಯಲ್ಲೋ," ಎಂದು ಕಿಟಕಿಯಿಂದ ಕೂಗಿದ. "ಅದಕ್ಕೂ ಮಾತ್ರೆ ಹಾಕಿದ್ಯಾ?"

ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ವರ್ಲಿನ್ ಟೋಪಿ ತೆಗೆದು ಬಾಗಿದ. ಆ ವಾರ ಊರಿನ ಪತ್ರಿಕೆಯಲ್ಲಿ ಅವನ ಫೋಟೋ ಬಂತು, ಹಳೇ ಪ್ಯಾಂಟಿನ ಒಂದು ಕಾಲಿನೊಳಗೇ ಎರಡು ಕಾಲೂ ಇಟ್ಟು ನಿಂತದ್ದು. ಕಾಲ್ನಡಿಗೆ, ಹಸಿರು ಮಾತ್ರೆ, ಬಾಯಿಗೆ ಬೀಗ, ಇಷ್ಟೇ ನನ್ನ ಗುಟ್ಟು ಎಂದು ಅವನು ಹೇಳಿದ್ದ. ಪರೀಕ್ಷೆಯ ಕೊನೆಯ ದಿನ ಇಗರ್ಜಿಯ ನೆಲಮಾಳಿಗೆಯಲ್ಲಿ ಅವನಿಂದ ಎರಡು ಮಾತು ಆಡಿಸುವುದೆಂದು ನಿಶ್ಚಯವಾಯಿತು. ಪತ್ರಿಕೆ ಓದಿದವರು ಮಾತ್ರೆಯ ಹೆಸರು ಕೇಳಿಕೊಂಡು ರೋಶೆಲ್‌ಗೆ ಫೋನು ಮಾಡತೊಡಗಿದರು.

ಲೂಮಿರ್ ಮುನ್ನೂರ ಮೂರಕ್ಕೆ ಬಂದಿದ್ದ. ಮೂವತ್ತೈದು ಪೌಂಡು, ಒಂದೊಂದನ್ನೂ ಅರೆದ ಮೊಣಕಾಲಿನಿಂದ ಇಳಿಸಿದ್ದು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ತಿಂಗಳ ಕೊನೆಯ ಗುರುವಾರ ರೋಶೆಲ್ ಅವನನ್ನು ಪಕ್ಕಕ್ಕೆ ಕರೆದಳು. ಮೂವತ್ತೈದರ ಹೆಂಗಸು, ಒರಟು ಮಾತು ಬಾರದವಳು. "ಲೂಮಿರ್ ಅವರೇ, ನಿಮ್ಮ ಮೊಣಕಾಲಿನ ಡಾಕ್ಟರಿಗೆ ಪತ್ರ ಕಳಿಸಬೇಕು. ಕಳಿಸೋ ಮುಂಚೆ ನಿಮಗೆ ಓದಿ ಹೇಳ್ತೀನಿ," ಎಂದಳು. ಓದಿದಳು. ನಡಿಗೆ ಪೂರ್ತಿ ಮಾಡಿದ್ದಾರೆ ಎಂದಿತ್ತು. ಅದರ ಕೆಳಗೆ, ಆಹಾರದ ಡೈರಿಯನ್ನು ನಂಬುವಂತಿಲ್ಲ ಎಂದಿತ್ತು.

"ನಾನು ಬರೆದಿದ್ದೆಲ್ಲ ತಿಂದಿದ್ದೇ. ತಿಂದಿದ್ದೆಲ್ಲ ಬರೆದಿದ್ದೀನಿ."

"ನಿಮ್ಮ ಜೊತೆಗೇ ನಡೆದವರು ಎಪ್ಪತ್ತು ಪೌಂಡು ಇಳಿದಿದ್ದಾರೆ. ನಾನೇನು ಮಾಡಲಿ ಹೇಳಿ. ನನ್ನ ಕೈಲಿರೋ ಕಾಗದಪತ್ರ ಹೀಗೇ ಹೇಳ್ತಿದೆ. ಪರೀಕ್ಷೆ ಮುಗಿಯೋವರೆಗೆ ಇದನ್ನ ಇಟ್ಕೊಂಡಿರ್ತೀನಿ, ಇನ್ನೂ ಟೈಮಿದೆ."

ಮೂವತ್ತೊಂದು ವರ್ಷ ಊರಿಗೆಲ್ಲ ತೂಕ ಹೇಳಿದವನಿಗೆ ಸುಳ್ಳುಗಾರ ಎನ್ನಿಸಿಕೊಂಡು ಮನೆಗೆ ಕಾರು ಓಡಿಸುವುದು ಕಷ್ಟವಾಯಿತು.

ಅಕ್ಟೋಬರಿನ ಮೊದಲ ವಾರ. ಟ್ರಕ್ಕುಗಳ ಸಾಲು ರಸ್ತೆಯವರೆಗೆ. ತೂಕದ ಕೋಣೆಯ ಫ್ರಿಜ್ಜಿನಲ್ಲಿ ರೈತರು ಊಟದ ಚೀಲ ಇಡುವುದು ಪದ್ಧತಿ. ಬೀಜದ ಕಂಪನಿಯವರು ವಸಂತದಲ್ಲಿ ಎಲ್ಲರಿಗೂ ಒಂದೇ ಥರದ ಟೋಪಿ, ಊಟ ತಣ್ಣಗಿಡುವ ಒಂದೇ ಥರದ ಚೀಲ ಹಂಚುತ್ತಾರೆ. ಹಸಿರು ಚೀಲ, ಹಳದಿ ಮುಚ್ಚಳ. ಹೀಗಾಗಿ ಫ್ರಿಜ್ಜಿನೊಳಗೆ ಅಣ್ಣತಮ್ಮಂದಿರಂತೆ ಏಳು ಚೀಲ ಕೂತಿದ್ದವು. ತನ್ನದಕ್ಕೆ ಅಂಟಿಸಿದ್ದ ಹೆಸರಿನ ಪಟ್ಟಿ ಉದುರಿಹೋಗಿತ್ತು. ಲೂಮಿರ್ ಒಂದನ್ನೆಳೆದು ಮೇಜಿನ ಮೇಲೆ ತೆರೆದ. ಮೊಟ್ಟೆ ಇರಲಿಲ್ಲ, ಎಲೆಕೋಸಿರಲಿಲ್ಲ. ಉದ್ದನೆಯ ಒಂದು ರಟ್ಟಿನ ಪೆಟ್ಟಿಗೆ. ಮಾಲಿನ ಪಕ್ಕದ ಔಷಧಿ ಅಂಗಡಿಯ ಚೀಟಿ ಅಂಟಿಸಿತ್ತು: ವರ್ಲಿನ್ ಥೀಸೆನ್. ವಾರಕ್ಕೊಮ್ಮೆ ಚರ್ಮದ ಕೆಳಗೆ. ಮೊದಲು ಬರೆದುಕೊಟ್ಟ ತಾರೀಖು ಏಪ್ರಿಲ್ ಒಂಬತ್ತು. ಇದು ಏಳನೇ ಸಲದ್ದು.

ಲೂಮಿರ್ ಓದಿದ. ಕಿಟಕಿಯಲ್ಲಿ ಯಾರೋ ಹಾರ್ನ್ ಹೊಡೆದರು. ಆ ಟ್ರಕ್ಕು ತೂಗಿದ, ಚೀಟಿ ಕೊಟ್ಟ, ಮತ್ತೆ ಬಂದು ಓದಿದ. ತೂಕದವನು ಅಂಕಿಯನ್ನು ಎರಡು ಸಲ ಓದುತ್ತಾನೆ. ಚೀಲ ಮುಚ್ಚಿಟ್ಟ. ಅವತ್ತು ಊಟ ಮಾಡಲಿಲ್ಲ.

ಮೂರು ಗಂಟೆಗೆ ಕೆಂಪು ಟ್ರಕ್ಕು ಬಂತು. ಲೂಮಿರ್ ಚೀಲ ಹಿಡಿದು ಮೂರು ಮೆಟ್ಟಿಲಿಳಿದು ಟ್ರಕ್ಕಿನ ಬಾಗಿಲ ಬಳಿಗೇ ಹೋದ. ಕೊಯ್ಲಿನ ಕಾಲದಲ್ಲಿ ಅವನು ಕೋಣೆ ಬಿಟ್ಟು ಕೆಳಗಿಳಿದದ್ದನ್ನು ಯಾರೂ ಕಂಡಿರಲಿಲ್ಲ.

"ಇದು ನಿಂದು."

"ಫ್ರಿಜ್ಜಲ್ಲೇ ಇರ್ಲಿ ಬಿಡೋ, ಸಂಜೆ ಮನೆಗೆ ಹೋಗುವಾಗ ತಗೋತೀನಿ."

"ತೆರೆದು ನೋಡಿದೆ. ನನ್ನದು ಅಂದ್ಕೊಂಡು."

ವರ್ಲಿನ್ ಸ್ಟೀರಿಂಗಿನ ಮೇಲೆ ಕೈಯಿಟ್ಟು ಪಕ್ಕದ ಕನ್ನಡಿ ನೋಡಿದ. ಹಿಂದಿನ ಟ್ರಕ್ಕು ಎಷ್ಟು ದೂರದಲ್ಲಿದೆ ಎಂದು ಅಳೆಯುವವನ ಹಾಗೆ.

"ಏಪ್ರಿಲ್ಲಿಂದ," ಎಂದ ಲೂಮಿರ್. "ನಿನ್ನ ಡಬ್ಬಿ ನನಗೆ ಕೊಟ್ಟಿದ್ದು ಜೂನಲ್ಲಿ."

"ನೀನು ಸಪ್ಪಗೆ ಕೂತಿದ್ದೆ. ನೋಡಕ್ಕಾಗಲಿಲ್ಲ, ಕೊಟ್ಟೆ. ಏನು ಕಳ್ಕೊಂಡೆ ನೀನು ಅದರಿಂದ?"

"ನಿಜವಾದ ಮಾತ್ರೆ ಅಂತ ನುಂಗಿದೆ ಕಣೋ. ನಾಲ್ಕು ತಿಂಗಳು. ಅದು ತಿಂದ್ರೂ ಇಳೀತಿಲ್ಲ ಅಂದ್ರೆ ನನ್ನ ಮೈಯಲ್ಲೇ ಏನೋ ಕೆಟ್ಟಿದೆ ಅಂತ ನಡುಗಿಬಿಟ್ಟಿದ್ದೆ. ನೀನು ಪಕ್ಕದಲ್ಲೇ ನಡೀತಿದ್ದೆ."

"ಮೆತ್ತಗೆ ಮಾತಾಡು. ಕಾರ್ಲೀನ್ ಬಿಟ್ರೆ ಯಾರಿಗೂ ಗೊತ್ತಿಲ್ಲ." ಕಾರ್ಲೀನ್ ಅವನ ಹೆಂಡತಿ, ಶಾಲೆಯ ಟೀಚರು, ಇಂಜೆಕ್ಷನ್ ಬಂದದ್ದು ಅವಳ ವಿಮೆಯಲ್ಲಿ. "ನನಗೂ ಸಕ್ಕರೆ ಕಾಯಿಲೆ ಹತ್ತಿರ ಬಂದಿತ್ತು ಕಣೋ. ಹೆದರಿಕೆ ಆಯ್ತು."

"ಚುಚ್ಕೊಂಡಿದ್ದಕ್ಕೆ ನಾನೇನೂ ಅನ್ನಲ್ಲ. ಸಿಕ್ಕಿದ್ರೆ ನಾನೂ ಚುಚ್ಕೋತಿದ್ದೆ. ರೋಶೆಲ್ ಒಬ್ಬಳಿಗೆ ಹೇಳು. ಊರಿಗೆ ಬೇಡ, ಪೇಪರಿಗೆ ಬೇಡ. ನಾನು ಕದ್ದು ತಿಂದಿಲ್ಲ ಅಂತ ಅವಳಿಗೆ ಗೊತ್ತಾದ್ರೆ ಸಾಕು. ನನ್ನ ಪತ್ರ ಸರಿಯಾಗುತ್ತೆ."

ವರ್ಲಿನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಹಂದಿ ಸೂಜಿಯ ಮಾತು ಅವನಿಗೂ ನೆನಪಾಗಿರಬೇಕು. "ಆಗಲ್ಲ ಲೂಮಿರ್. ಫೋಟೋ ಬಂದಾಗಿದೆ. ಮಾತಾಡೋಕೆ ಬೇರೆ ಕರೆದಿದ್ದಾರೆ." ಕನ್ನಡಿಯನ್ನೇ ನೋಡುತ್ತ, "ನೀನೂ ಹೇಳಕ್ಕಾಗಲ್ಲ, ಅಲ್ವಾ? ಡಬ್ಬಿ ಬದಲಾಯಿಸ್ಕೊಂಡಿದ್ದು ನೀನೂ ತಾನೇ," ಎಂದ.

ಹಿಂದಿನ ಟ್ರಕ್ಕು ಉದ್ದಕ್ಕೆ ಹಾರ್ನ್ ಹೊಡೆಯಿತು. ಲೂಮಿರ್ ಚೀಲವನ್ನು ಕಿಟಕಿಯೊಳಗೆ ಅವನ ತೊಡೆಯ ಮೇಲೆ ಇಟ್ಟು ತಿರುಗಿದ. ಮೂರು ಮೆಟ್ಟಿಲು ಅಡ್ಡಡ್ಡ ಹತ್ತಿ ಹೋಗಿ, ಕೂತು, ಕೆಂಪು ಟ್ರಕ್ಕಿನ ತೂಕವನ್ನು ಪೌಂಡೂ ತಪ್ಪದಂತೆ ಬರೆದ. ಚೀಟಿ ಎರಡು ಸಲ ಬರೆಯಬೇಕಾಯಿತು.

ಮನೆಯಲ್ಲಿ ಆರ್ಲಿಸ್‌ಗೆ ಎಲ್ಲವನ್ನೂ ಹೇಳಿದ. ಅವಳು ಸಿಂಕಿನ ಮುಂದೆ ಬೆನ್ನು ತಿರುಗಿಸಿ ನಿಂತಿದ್ದವಳು ನಲ್ಲಿ ನಿಲ್ಲಿಸಿದಳು.

"ನಿನ್ನ ಕಾರಿನ ಸೀಟಿನ ಕೆಳಗೆ ಹುಡುಕಿದ್ದೆ ನಾನು," ಎಂದಳು. "ಜುಲೈಲಿ. ಆಮೇಲೆ ಇನ್ನೊಂದ್ಸಲ ಆಗಸ್ಟಲ್ಲಿ."

"ಏನು ಸಿಕ್ತು?"

"ಏನೂ ಇಲ್ಲ."

"ಏನೂ ಸಿಗಲಿಲ್ಲ ಅಂದ್ಮೇಲೂ ನಂಬಲಿಲ್ವಲ್ಲೇ ನನ್ನ."

"ಇನ್ನೂ ಚೆನ್ನಾಗಿ ಬಚ್ಚಿಟ್ಟಿದ್ದೀಯ ಅಂದ್ಕೊಂಡೆ." ಅವಳು ಕೈ ಒರೆಸಿಕೊಂಡು ಎದುರಿನ ಕುರ್ಚಿಗೆ ಬಂದು ಕೂತಳು. "ವರ್ಲಿನ್‌ನ ನೋಡಿ ನಿನ್ನ ನೋಡಿದ್ರೆ ಇನ್ನೇನು ಅಂದ್ಕೋಬೇಕಿತ್ತು ಹೇಳು."

ಅವಳು ಹೇಳಿದ್ದು ಸರಿಯೇ ಆಗಿತ್ತು. ಗೆಳೆಯ ಇಂಜೆಕ್ಷನ್ ಚುಚ್ಚಿಕೊಂಡದ್ದಲ್ಲ, ತನ್ನ ಹೆಂಡತಿ ತನ್ನ ಸೀಟಿನ ಕೆಳಗೆ ಬಗ್ಗಿ ಹುಡುಕುವಂತೆ ಮಾಡಿದ್ದು ಅವನಿಗೆ ಸಹಿಸಲಾಗಲಿಲ್ಲ.

ಎರಡು ವಾರ ಅವನು ವರ್ಲಿನ್ ಜೊತೆ ನಡೆಯಲಿಲ್ಲ. ಮಾಲಿಗೆ ಹೋದ, ಬೇರೆ ಸಮಯಕ್ಕೆ, ಒಬ್ಬನೇ ನಡೆದ. ವರ್ಲಿನ್ ಹೋಗಿ ಹೇಳುತ್ತಾನೇನೋ ಎಂದು ಕಾದ. ಪರೀಕ್ಷೆಯ ಕೊನೆಯ ಗುರುವಾರ, ತೂಕದ ದಿನ, ತಕ್ಕಡಿ ಇನ್ನೂರ ತೊಂಬತ್ತೇಳು ತೋರಿಸಿತು. ಡಾಕ್ಟರು ಬಿಟ್ಟುಕೊಡುತ್ತೇನೆಂದ ಇಪ್ಪತ್ತರೊಳಗೇ ಬಂದಿದ್ದ. ಇನ್ನು ಬೇಕಾದದ್ದು ಪತ್ರ ಮಾತ್ರ.

ಎಲ್ಲರೂ ಹೋದ ಮೇಲೆ ರೋಶೆಲ್‌ನ ಮುಂದೆ ಕೂತ. ಡಬ್ಬಿಯ ಮಾತೆತ್ತದೆ ಕಾಡಿಬೇಡಿ ಪತ್ರ ತಿದ್ದಿಸಿಕೊಳ್ಳಬಹುದಿತ್ತೋ ಏನೋ. ಆದರೆ ತಪ್ಪು ಚೀಟಿಯೊಂದು ತನ್ನ ಹೆಸರಲ್ಲಿ ಓಡಾಡುತ್ತಿರುವಾಗ ಇನ್ನೊಂದನ್ನು ತಿದ್ದು ಎಂದು ಕೇಳುವ ಬಾಯಿ ಅವನಿಗಿರಲಿಲ್ಲ.

"ನನ್ನದೊಂದು ತಪ್ಪಿದೆ ತಾಯಿ. ಜೂನಿಂದ ನಾನು ನುಂಗಿದ್ದು ನನ್ನ ಡಬ್ಬಿ ಮಾತ್ರೆ ಅಲ್ಲ. ಜೊತೆಗಾರನ ಡಬ್ಬಿ. ಬದಲಾಯಿಸ್ಕೊಂಡ್ವಿ."

ರೋಶೆಲ್ ಪೆನ್ನು ಕೆಳಗಿಟ್ಟಳು. "ಇದನ್ನ ಯಾಕೆ ಹೇಳಿದ್ರಿ ನೀವು? ಇನ್ನು ನಾನು ನಿಮ್ಮನ್ನ ಪರೀಕ್ಷೆಯಿಂದ ತೆಗೀಲೇಬೇಕು. ಪೂರ್ತಿ ಮಾಡಿದ್ದಾರೆ ಅಂತ ಬರೆಯೋ ಹಾಗಿಲ್ಲ."

"ಗೊತ್ತು. ಇನ್ನೊಂದು ಮಾತಿದೆ. ಅದು ನನ್ನದಲ್ಲ, ಅವನದು. ಅವನನ್ನ ಕರೆದು ಬೇರೆ ಔಷಧಿ ತಗೋತಿದ್ದೀಯಾ ಅಂತ ಕೇಳಿ. ಅಷ್ಟೇ."

ರೋಶೆಲ್ ತಲೆ ಅಲ್ಲಾಡಿಸಿದಳು. "ಕೇಳಿದ್ದೀನಿ. ಪ್ರತಿ ತಿಂಗಳೂ ಎಲ್ಲರನ್ನೂ ಕೇಳ್ತೀನಿ. ಇಲ್ಲ ಅಂತಲೇ ಸಹಿ ಹಾಕಿದ್ದಾರೆ. ಬೇರೆಯವರ ಔಷಧಿ ವಿಷಯ ನಾನು ನಿಮ್ಮ ಹತ್ತಿರ ಮಾತಾಡೋ ಹಾಗೂ ಇಲ್ಲ." ಆಮೇಲೆ ಏನೋ ನಿರ್ಧರಿಸಿದವಳಂತೆ ಫೈಲಿನಿಂದ ಏಳು ಚೀಟಿ ತೆಗೆದು ಅವನ ಕಡೆ ತಿರುಗಿಸಿ ಇಟ್ಟಳು. "ಇದು ನಿಮ್ಮ ಬಗ್ಗೆ ಬರೆದದ್ದು. ನೀವು ನೋಡಬಹುದು. ನಾನು ಆ ಪತ್ರ ಬರೆದಿದ್ದು ಇದನ್ನ ನೋಡಿ."

ವರ್ಲಿನ್‌ನ ಕೈಬರಹ ಲೂಮಿರನಿಗೆ ಶಾಲೆಯಿಂದ ಗೊತ್ತು. ಮೊದಲ ಎರಡು ಚೀಟಿಯಲ್ಲಿ 'ಹೌದು' ಎಂದಿತ್ತು. ಆಮೇಲಿನ ಐದರಲ್ಲಿ, ಜೊತೆಗಾರ ಆಹಾರದ ನಿಯಮ ಪಾಲಿಸುತ್ತಿದ್ದಾನೆಯೇ ಎಂಬಲ್ಲಿ, 'ಗೊತ್ತಿಲ್ಲ'. ಕೊನೆಯದರಲ್ಲಿ ಒಂದು ಸಾಲು ಹೆಚ್ಚಿತ್ತು: ತೂಕದ ಕೋಣೆಯ ಮಿಠಾಯಿ ಬಟ್ಟಲು ದಿನವಿಡೀ ಅವನ ಕೈಗೆ ಎಟುಕುವಲ್ಲೇ ಇರುತ್ತದೆ.

ಬಟ್ಟಲು ಇದ್ದದ್ದು ನಿಜ, ಕಿಟಕಿಯ ಹೊರಗೆ. ಕೈ ಚಾಚಿದರೆ ಎಟುಕುವುದೂ ನಿಜ. ಮಾರ್ಚಿನಿಂದ ಅದರಿಂದ ಒಂದು ಮಿಠಾಯಿಯನ್ನೂ ಅವನು ಮುಟ್ಟಿರಲಿಲ್ಲ, ಅದೂ ವರ್ಲಿನ್‌ಗೆ ಗೊತ್ತಿತ್ತು. ಖಾಲಿ ತೂಕಕ್ಕೆ ಮಾವನನ್ನು ಇಳಿಸಿದವನೂ ಹೀಗೇ, ಅಂಕಿಯೊಂದನ್ನೂ ಸುಳ್ಳು ಹೇಳಿರಲಿಲ್ಲ. ಲೂಮಿರ್ ಪ್ರಾಮಾಣಿಕನಾಗಿದ್ದರೆ, ಒಂದೇ ನಡಿಗೆಗೆ ಇಬ್ಬರಿಗೆ ಎರಡು ಫಲ ಯಾಕೆ ಎಂದು ಯಾರಾದರೂ ಕೇಳುತ್ತಿದ್ದರು. ಲೂಮಿರ್ ಹೊಟ್ಟೆಬಾಕನಾದರೆ ಕೇಳುವವರಿಲ್ಲ.

ಅವನು ಚೀಟಿಗಳನ್ನು ಅಂಚು ಸರಿಮಾಡಿ ಜೋಡಿಸಿ ಹಿಂದಕ್ಕೆ ಸರಿಸಿದ. "ಈ ಬಟ್ಟಲಿನ ಸಾಲು ಒಂದನ್ನ ನೀವು ಒಂದ್ಸಲ ಬಂದು ನೋಡಿ," ಎಂದ. "ಮೇಲಿನ ಮಿಠಾಯಿ ಡ್ರೈವರುಗಳು ತಿಂತಾರೆ. ತಳದ್ದು ಬಿಸಿಲಿಗೆ ಕರಗಿ ಬಟ್ಟಲಿಗೇ ಅಂಟಿದೆ. ಬಟ್ಟಲು ಒಳಗಿದ್ದಾಗ ನಾನೇ ತಿಂದು ತಳ ಕಾಣಿಸ್ತಿದ್ದೆ."

ರೋಶೆಲ್ ನಿಜವಾಗಿಯೂ ಬಂದಳು. ಬಟ್ಟಲು ನೋಡಿದಳು. ಹೊಸ ಪತ್ರ ಬರೆದಳು. ಡೈರಿಯನ್ನು ನಂಬುವಂತಿಲ್ಲ ಎಂಬ ಸಾಲನ್ನು ತೆಗೆದು, ಡೈರಿ ನಂಬಲರ್ಹ ಎಂದು ಹಾಕಿದಳು. ಮಾತ್ರೆ ಬದಲಾಯಿಸಿದ್ದಕ್ಕೆ ಪರೀಕ್ಷೆಯಿಂದ ಕೈಬಿಡಲಾಗಿದೆ ಎಂದೂ ಹಾಕಬೇಕಾಯಿತು. ವರ್ಲಿನ್‌ನ ಹೆಸರನ್ನೂ ಕೈಬಿಟ್ಟಳು, ಆದರೆ ಅದು ಫೈಲಿನೊಳಗೇ ಉಳಿಯಿತು. ಡಾಕ್ಟರು ಎರಡನ್ನೂ ಓದಿ ತಲೆ ಕೆರೆದುಕೊಂಡ. ನಿಯಮ ಮುರಿದವನು ಎಂದು ಬರೆದಿರುವಾಗ ತೂಕದಲ್ಲಿ ರಿಯಾಯಿತಿ ಕೊಟ್ಟರೆ ನನ್ನನ್ನು ಕೇಳುತ್ತಾರೆ, ನಿಜವಾದ ಇನ್ನೂರ ಎಂಬತ್ತಕ್ಕೆ ಬಾ, ಮಾರ್ಚಿನಲ್ಲಿ ಮಾಡೋಣ ಎಂದ. ನವೆಂಬರಿನ ತಾರೀಖು ಬೇರೆಯವರಿಗೆ ಹೋಯಿತು. ಕಣಜದಲ್ಲಿ ಮೆಟ್ಟಿಲು ಹತ್ತುವ ಕೆಲಸಕ್ಕೆ ಮ್ಯಾನೇಜರು ಇನ್ನೊಬ್ಬನನ್ನು ಹಾಕಿದ. ಕಿಟಕಿಯ ಕೆಲಸ ಮಾರ್ಚಿನವರೆಗೆ ಲೂಮಿರನದೇ, ಆಮೇಲೆ ನೋಡೋಣ ಎಂದ.

ನೆಲಮಾಳಿಗೆಯಲ್ಲಿ ವರ್ಲಿನ್ ಮಾತಾಡಿದನಂತೆ. ಕೊಲಾಚೆ ಮುಟ್ಟದೆ ಮಾತಾಡಿದನಂತೆ. ಜೊತೆಗಾರರು ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಎಂದನಂತೆ. ಇದನ್ನು ಆರ್ಲಿಸ್‌ಗೆ ಯಾರೋ ಫೋನಿನಲ್ಲಿ ಹೇಳಿದರು. ಅವಳು ಮಾತಿನ ನಡುವೆಯೇ ಫೋನು ಇಟ್ಟುಬಿಟ್ಟಳು.

ನವೆಂಬರಿನ ಮೊದಲ ಸೋಮವಾರ ಲೂಮಿರ್ ಆರೂವರೆಗೆ, ತನ್ನ ಹಳೇ ಸಮಯಕ್ಕೆ, ಮಾಲಿಗೆ ಹೋದ. ವರ್ಲಿನ್ ಇಬ್ಬರು ಹೊಸಬರ ಜೊತೆ ನಡೆಯುತ್ತಿದ್ದ, ಅವರಿಗೆ ಏನೋ ಕೈ ಬೀಸಿ ಹೇಳಿಕೊಡುತ್ತ. ಲೂಮಿರ್ ಬತ್ತಿದ ಕಾರಂಜಿಯ ಹತ್ತಿರ ನಿಂತು, ಕೋಟು ಬೆಂಚಿನ ಮೇಲಿಟ್ಟು, ಕಾರಂಜಿಯನ್ನು ಬಲಕ್ಕಿಟ್ಟುಕೊಂಡು ಉಲ್ಟಾ ದಿಕ್ಕಿ‌ಗೆ ಹೊರಟ.

"ಏ ಲೂಮಿರ್, ತಲೆ ಕೆಟ್ಟಿದೆಯಾ? ಈ ಕಡೆಯಿಂದ ನಡಿ," ಎಂದು ಒಬ್ಬ ಮುದುಕಿ ಗದರಿದಳು.

"ಆ ಕಡೆಯಿಂದ ಹೋದ್ರೆ ಬೆನ್ನು ಮಾತ್ರ ಕಾಣುತ್ತಮ್ಮಾ," ಎಂದ.

ಒಂದೊಂದು ಸುತ್ತಿಗೆ ಎರಡು ಸಲ ಇಬ್ಬರೂ ಎದುರುಬದುರಾದರು. ಮೊದಲ ಸಲ ವರ್ಲಿನ್ ಅರ್ಧ ಕೈಯೆತ್ತಿದ. ಲೂಮಿರ್ ಕಣ್ಣು ಕದಲಿಸದೆ ಅವನ ಮುಖವನ್ನೇ ನೋಡುತ್ತ ಹಾದುಹೋದ. ಎರಡನೇ ಸಲ ವರ್ಲಿನ್ ಮುಚ್ಚಿದ ಬೂಟಿನ ಅಂಗಡಿಯ ಗಾಜು ನೋಡಿದ. ಮೂರನೇ ಸಲ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ಗುರುವಾರ ಹೊಸಬರಿಬ್ಬರೇ ಬಂದರು, ಅವನೆಲ್ಲಿ ಎಂದು ಕೇಳಿದರು. ಕಾಲು ನೋವಂತೆ ಎಂದು ಯಾರೋ ಹೇಳಿದರು.

ಆಮೇಲೆ ವರ್ಲಿನ್ ಬರಲಿಲ್ಲ. ಅವನಿಗೆ ನಡಿಗೆ ಬೇಕಾಗಿಯೂ ಇರಲಿಲ್ಲ. ಲೂಮಿರ್ ಉಲ್ಟಾ ದಿಕ್ಕಿನಲ್ಲೇ ನಡೆಯುತ್ತಿದ್ದಾನೆ, ಮುದುಕಿಯರೂ ಈಗ ಬೈಯುವುದಿಲ್ಲ, ದಾರಿ ಬಿಡುತ್ತಾರೆ. ಡಿಸೆಂಬರಿನ ತಕ್ಕಡಿ ಇನ್ನೂರ ತೊಂಬತ್ತೊಂದು ತೋರಿಸಿತು. ಕೊನೆಯ ಲೋಡು ತಂದ ದಿನ ಕೆಂಪು ಟ್ರಕ್ಕು ವೇಬ್ರಿಡ್ಜಿನ ಮೇಲೆ ನಿಂತಾಗ ಲೂಮಿರ್ ಕಿಟಕಿ ಸರಿಸಿ, ಮೂವತ್ತೊಂದು ವರ್ಷದಲ್ಲಿ ಅವನನ್ನು ಎಂದೂ ಕೇಳದ ಪ್ರಶ್ನೆ ಕೇಳಿದ.

"ಡ್ರೈವರ್ ಒಳಗಾ, ಹೊರಗಾ?"

"ನೋಡ್ತಾನೇ ಇದ್ದೀಯಲ್ಲೋ," ಎಂದ ವರ್ಲಿನ್.

"ನೋಡಿದ್ರೆ ಸಾಲದು. ಬಾಯಿಬಿಟ್ಟು ಹೇಳ್ಬೇಕು," ಎಂದ ಲೂಮಿರ್. ಒಳಗೆ ಎಂದು ವರ್ಲಿನ್ ಹೇಳಿದ ಮೇಲೆ ಚೀಟಿ ಬರೆದು ಕಿಟಕಿಯ ಕಟ್ಟೆಯ ಮೇಲೆ, ಮಿಠಾಯಿ ಬಟ್ಟಲಿನ ಕೆಳಗೆ ಸಿಕ್ಕಿಸಿಟ್ಟು, ಮುಂದಿನ ಟ್ರಕ್ಕನ್ನು ಕರೆದ.